ಮೂರು ಮೈಗಳ ಒಪ್ಪಂದ

ವಿಶ್ವವಿದ್ಯಾಲಯ, ರೋಗತಡೆ ಇಲಾಖೆ ಮತ್ತು ಹಳ್ಳಿ ನರ್ಸುಗಳ ಸಂಘ ಲಸಿಕೆ ಯೋಜನೆಯ ಒಪ್ಪಂದಕ್ಕೆ ಸಹಿ ಹಾಕಿದ ದಿನವೇ, ನಿಯಮದಂತೆ, ಮೂರೂ ಕಡೆಯ ಒಬ್ಬೊಬ್ಬರ ಮೈಗಳನ್ನು ಜೋಡಿಸಲಾಗಿತ್ತು. ಒಬ್ಬರ ಮೈಗೆ ಆದದ್ದು, ನೋವಿರಲಿ ರುಚಿಯಿರಲಿ, ಮೂವರಿಗೂ ಆಗುತ್ತಿತ್ತು.

ಮೇ ತಿಂಗಳ ಮಧ್ಯಾಹ್ನ ನರ್ಸ್ ದುರುಗಮ್ಮ ಲಸಿಕೆಯ ಡಬ್ಬಿ ಹೊತ್ತು ಹುಲಿಗುಡ್ಡ ತಾಂಡಾಕ್ಕೆ ಹೊರಟಿದ್ದಾಗ ಚಪ್ಪಲಿ ಕಿತ್ತುಹೋಯಿತು. ಐಸ್ ಕರಗುವುದರೊಳಗೆ ತಲುಪಬೇಕಿತ್ತು. ಬರಿಗಾಲಲ್ಲೇ ನಡೆದಳು. ನಾಲ್ಕನೇ ಹೆಜ್ಜೆಗೆ ಬೆಂಗಳೂರಿನಿಂದ ಇಲಾಖೆಯ ನಿರ್ದೇಶಕ ಶ್ರೀಕಂಠಯ್ಯನವರ ಫೋನ್ ಬಂತು.

“ಅಂಗಾಲು ಸುಡ್ತಿದೆ ಕಣಮ್ಮಾ! ಮೀಟಿಂಗಲ್ಲಿ ಕುರ್ಚಿ ಮೇಲೆ ಕಾಲೆತ್ಕೊಂಡು ಕೂತಿದೀನಿ. ಸ್ವಲ್ಪ ನೆರಳಲ್ಲಿ ನಿಂತ್ಕೊಳ್ಳಿ.”

“ನಿಂತ್ರ ಲಸಿಕಿ ಕೆಡ್ತಾವ್ರಿ ಸಾಹೇಬ್ರ. ಜೀಪ್ ಕೇಳಿ ಅರ್ಜಿ ಕೊಟ್ಟು ಎರಡು ವರ್ಷ ಆತು.”

“ಯಾವ ಅರ್ಜಿ?”

ದುರುಗಮ್ಮ ನಡೆಯುತ್ತಲೇ ಇದ್ದಳು. ಫೋನಿನಲ್ಲಿ ಯಾರೋ ಫೈಲಿಗಾಗಿ ಓಡಿದ್ದು, ನಿರ್ದೇಶಕರು “ಅಯ್ಯಯ್ಯೋ, ಕೊಡ್ರೀ ಇಲ್ಲಿ” ಎಂದು ಸಹಿ ಹಾಕಿದ್ದು ಕೇಳಿಸಿತು.

ಕಾಲು ಗಂಟೆಯಲ್ಲಿ ಹತ್ತಿರದ ಆಸ್ಪತ್ರೆಯಿಂದ ಜೀಪು ಬಂತು. ಹತ್ತಿ ಕೂತ ಮೇಲೆ ಪಾದದ ಉರಿ ಇಳಿಯಿತು, ಆದರೆ ಎದೆ ಹಿಂಡತೊಡಗಿತು. ವಿಶ್ವವಿದ್ಯಾಲಯದ ಸಂಶೋಧಕಿ ವಾರಿಜಾಗೆ ಫೋನ್ ಮಾಡಿದಳು.

“ನಂದಲ್ಲಮ್ಮ,” ಎಂದರು ವಾರಿಜಾ ಏದುಸಿರಿನಲ್ಲಿ. “ನಂಗೂ ಹಿಂಡ್ತಿದೆ, ಆದ್ರೆ ನಾಡಿ ನೋಡ್ಕೊಂಡೆ, ಸರಿಯಾಗೇ ಇದೆ.”

ತನ್ನ ನಾಡಿಯೂ ಸರಿಯಾಗೇ ಇದ್ದದ್ದು ನೋಡಿ ದುರುಗಮ್ಮ ಕೂಡಲೇ ನಿರ್ದೇಶಕರನ್ನು ಫೋನಿನಲ್ಲಿ ಹಿಡಿದಳು. “ಸಾಹೇಬ್ರ, ಎದಿ ನೋವು ನಿಮ್ದ. ಈಗಿಂದೀಗ ಡಾಕ್ಟರ್ ಕಡೆ ನಡೀರಿ.”

“ಇನ್ನೊಂದು ಗಂಟೆ ಮೀಟಿಂಗಿದೆ...”

“ನಾನು ಹನ್ನೊಂದು ಕೂಸಿಗೆ ಸೂಜಿ ಹಾಕ್ಬೇಕ್ರಿ. ನಿಮ್ಮ ನೋವಿಗೆ ನನ್ನ ಕೈ ನಡಗಾಕತ್ತೈತಿ. ಏಳ್ರಿ ಮ್ಯಾಲೆ!”

ತಾಂಡಾ ಮುಟ್ಟಿದಾಗಲೂ ಕೈಯ ನಡುಕ ನಿಂತಿರಲಿಲ್ಲ. ತಾಯಂದಿರು ಕೂಸುಗಳನ್ನು ಹಿಡಿದು ಕಾದರು. ಸ್ವಲ್ಪ ಹೊತ್ತಿಗೆ ದುರುಗಮ್ಮನ ನಾಲಿಗೆಯಡಿ ಯಾವುದೋ ಮಾತ್ರೆ ಕರಗಿದ ರುಚಿ ಬಂತು. ಎದೆ ಹಗುರಾಯಿತು. ಅವಳು ಮೊದಲ ಕೂಸನ್ನು ಕರೆದಳು.