ಮಾರುವವನ ಬೆರಳು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಹೇಳಿದವನ ನಾಲಿಗೆಗೆ ಗೆದ್ದಲು ಹಿಡಿಯಲಿ.

ಮೌನೇಶ ಬಡಿಗೇರ ಮಾಡಿದ ಕಿಟಕಿ ಚೌಕಟ್ಟಿನ ಮೂಲೆಗಳಲ್ಲಿ ಹಲ್ಲಿ ಸಂಸಾರ ಹೂಡುವಷ್ಟು ಸಂದು ಇರುತ್ತಿತ್ತು. ಕೂದಲೂ ತೂರದಂತೆ ಮೂಲೆ ಕೊಯ್ಯುವ ಜರ್ಮನಿಯ ಕರೆಂಟ್ ಗರಗಸವೊಂದು ಮುದುಕನೊಬ್ಬನ ಹತ್ತಿರ ಸೆಕೆಂಡ್ ಹ್ಯಾಂಡ್ ಮಾರಾಟಕ್ಕಿದೆ ಎಂದು ಕೇಳಿ, ಹೋದ ಮಾನ ವಾಪಸು ತರಲು ಓಡಿದ. ಅಪ್ಪ ಹೇಳಿಕೊಟ್ಟ ಪಾಠ ಮಾತ್ರ ಮರೆತಿರಲಿಲ್ಲ: ಹಳೇ ಗರಗಸ ಕೊಳ್ಳುವಾಗ ಅದರ ಹಲ್ಲು ನೋಡಬೇಡ, ಮಾರುವವನ ಬೆರಳು ಎಣಿಸು.

“ಕಾಕಾ, ಸ್ವಲ್ಪ ಕೈ ತೋರಸ್ರಿ.”

“ಯಾಕಲೇ, ಭವಿಷ್ಯ ಹೇಳ್ತೀ ಏನು?” ಮುದುಕ ಎರಡೂ ಕೈ ಚಾಚಿದ.

ಮೌನೇಶ ಎರಡು ಸಲ ಎಣಿಸಿದ. ಸರಿಯಾಗಿ ಹತ್ತು.

“ಮಷಿನ್ ಭಾಳ ಸಂಭಾವಿತ ಐತ್ರಿ. ತಗೋತೀನಿ.”

ಖುಷಿಯಾದ ಮುದುಕ, ಚಹಾ ತಾ ಎಂದು ತನ್ನ ತಮ್ಮನನ್ನು ಕೂಗಿದ. ತಮ್ಮ ಎರಡು ಕೈಯಲ್ಲಿ ಎರಡು ಕಪ್ಪು ಹಿಡಿದು ಬಂದ. ಒಂದೊಂದು ಕಪ್ಪಿಗೂ ಆರಾರು ಬೆರಳು.

“ಇದೇನ್ರಿ ಕಾಕಾ!”

“ಅದರಾಗೇನೈತಿ? ನಮ್ಮ ಮನೆತನದಾಗ ಹುಟ್ಟಿದವರಿಗೆಲ್ಲಾ ಹನ್ನೆರಡು ಬೆರಳು. ಈ ಮಷಿನ್ ಬರೋತನಕಾ ನನಗೂ ಇದ್ವು. ಆದ್ರ ಏನ್ ನುಣ್ಣಗ ಕೊಯ್ತೈತಿ ಅಂತೀ! ಇಲ್ನೋಡು, ಗಾಯದ ಗುರುತರೆ ಐತೇನು? ಏ, ಚಹಾ ಕುಡದರೆ ಹೋ…”

ಮೌನೇಶ ಆಗಲೇ ಓಣಿ ದಾಟಿದ್ದ.