ಅಗತ್ಯ ನಡುಕ

ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯಲ್ಲಿ ಇನ್ನೂ ಯಾರೂ ಇರಲಿಲ್ಲ. ಲಸಿಕೆಯಕ್ಕ ಲಸಿಕೆ ಇಡುವ ಫ್ರಿಜ್ಜಿನ ಬಾಗಿಲು ತೆರೆದು, ಒಳಗೆ ತೂಗುಬಿಟ್ಟಿದ್ದ ಥರ್ಮಾಮೀಟರ್ ಓದಿ, ಬಾಗಿಲು ಮುಚ್ಚಿದಳು. ಬ್ಯಾಂಡೇಜು ಸುತ್ತಿ ಹೆಬ್ಬೆರಳಿನಷ್ಟು ದಪ್ಪ ಮಾಡಿಕೊಂಡಿದ್ದ ಪೆನ್ನು ಹಿಡಿದು, ಮೊಣಕೈಯನ್ನು ಪಕ್ಕೆಗೆ ಒತ್ತಿ, ಮಣಿಕಟ್ಟನ್ನು ಮೇಜಿನ ಅಂಚಿಗೆ ಆನಿಸಿ, ಎಡಗೈಯಿಂದ ಬಲಗೈಯನ್ನು ಅದುಮಿಕೊಂಡು, ಪುಸ್ತಕದಲ್ಲಿ ನಾಲ್ಕು ಎಂದು ಬರೆದಳು. ಒಂದು ಅಂಕಿಗೆ ಇಷ್ಟೆಲ್ಲ ಏರ್ಪಾಡು. ಅಂಕಿ ತುಸು ಸೊಟ್ಟಗಿತ್ತು, ಆದರೆ ನಾಲ್ಕೇ ಎಂದು ಓದಬಹುದಿತ್ತು.

ಸುಮ್ಮನಿಟ್ಟರೆ ಅವಳ ಕೈ ಸುಮ್ಮನಿರುತ್ತಿತ್ತು, ಕೆಲಸಕ್ಕೆ ಹಚ್ಚಿದರೆ ನಡುಗುತ್ತಿತ್ತು. ಇಂಥ ಕೈಗಳು ಇಲಾಖೆಯಲ್ಲಿ ಇನ್ನೂ ಎಷ್ಟಿದ್ದವೋ. ಅವನ್ನು ಯಾರೂ ಕೆಲಸಕ್ಕೆ ಹಚ್ಚದೇ ಇದ್ದದ್ದರಿಂದ ಗೊತ್ತಾಗಿರಲಿಲ್ಲ. ಅವಳು ಮಾತ್ರ ಟೀಯನ್ನು ಅರ್ಧ ಲೋಟವೇ ಬಗ್ಗಿಸಿಕೊಂಡು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಬಾಯನ್ನೇ ಲೋಟದ ಹತ್ತಿರ ಒಯ್ದು ಕುಡಿಯುವುದನ್ನು ಕಲಿತಿದ್ದಳು.

ಹನ್ನೊಂದಕ್ಕೆ ವಿಚಾರಣೆಯ ಸಾಹೇಬರು ಬಂದರು. ಮೂರು ದಿನದ ಹಿಂದೆ ಫ್ರಿಜ್ಜು ಕೆಟ್ಟು ಇನ್ನೂರು ಸೀಸೆ ಲಸಿಕೆ ಹಾಳಾಗಿತ್ತು. ಫ್ರಿಜ್ಜು ರಿಪೇರಿಯಾಗಿತ್ತು, ತಪ್ಪು ಇನ್ನೂ ಸಿಕ್ಕಿರಲಿಲ್ಲ. ಊಟದ ಹೊತ್ತಿಗೆ ಅದು ಯಾರದ್ದೆಂದು ಗೊತ್ತಾಗಬೇಕು, ತಪ್ಪು ಯಾರದ್ದೋ ಅವರು ನಾಳೆಯಿಂದ ಕೆಲಸಕ್ಕೆ ಬರಬೇಕಾಗಿಲ್ಲ ಎಂದು ಸಾಹೇಬರು ಬಾಗಿಲಲ್ಲೇ ಹೇಳಿದರು. ಪುಸ್ತಕದಲ್ಲಿ ಬೆಳಗಿನ ಪುಟ ಲಸಿಕೆಯಕ್ಕನದು, ಸಂಜೆಯ ಪುಟ ಕಂಪೌಂಡರನದು. ಸಾಹೇಬರು ಮೊದಲು ಸಂಜೆಯ ಪುಟ ತೆರೆದರು. ನಾಲ್ಕು, ನಾಲ್ಕು, ನಾಲ್ಕು. ಮೇಲಿನಿಂದ ಕೆಳಗಿನವರೆಗೂ ಅಚ್ಚೊತ್ತಿದ ಹಾಗೆ ನಾಲ್ಕು.

“ಬರವಣಿಗೆ ಅಂದ್ರೆ ಇದಪ್ಪ. ಮುತ್ತು ಪೋಣಿಸಿದ ಹಾಗಿದೆ.”

“ಎಲ್ಲಾ ತಮ್ಮಂಥ ಹಿರಿಯರ ಆಶೀರ್ವಾದ ಸಾರ್,” ಎಂದ ಕಂಪೌಂಡರ್.

“ಮೂವತ್ತನೇ ತಾರೀಕಿನ ತನಕ ಒಂದು ಸಾಲೂ ಖಾಲಿ ಬಿಟ್ಟಿಲ್ಲ.”

“ಇವತ್ತು ಇಪ್ಪತ್ತೊಂದು ಸಾರ್,” ಎಂದಳು ಲಸಿಕೆಯಕ್ಕ, ಮೆಲ್ಲಗೆ.

ಸಾಹೇಬರು ಗೋಡೆಯ ಕ್ಯಾಲೆಂಡರ್ ನೋಡಿದರು, ಪುಟ ನೋಡಿದರು, ಮತ್ತೆ ಕ್ಯಾಲೆಂಡರ್ ನೋಡಿದರು. ಒಂದು ಗಳಿಗೆ ಅವರಿಗೆ ಬಹಳ ಕಷ್ಟವಾಯಿತು. ಆಮೇಲೆ ಮುಖ ಸಡಿಲವಾಯಿತು.

“ಇದಕ್ಕೆ ಮುಂದಾಲೋಚನೆ ಅಂತಾರಮ್ಮ,” ಎಂದು ಬೆಳಗಿನ ಪುಟಕ್ಕೆ ಬಂದರು. “ನಿಮ್ಮದೇನಿದು? ಅಂಕಿ ಅಂತ ಓದ್ಲಾ, ಹುಳ ಹರಿದಿದೆ ಅಂತ ಓದ್ಲಾ? ಒಂದಿನ ನಾಲ್ಕು, ಒಂದಿನ ಐದು. ಹದಿನೇಳಕ್ಕೆ ಒಂಬತ್ತು, ಹದಿನೆಂಟಕ್ಕೆ ಹನ್ನೆರಡು. ಇವರು ನೋಡಿದಾಗ ತಣ್ಣಗೆ ನಾಲ್ಕಿದ್ದ ಫ್ರಿಜ್ಜು ನಿಮ್ಮ ಕಣ್ಣಿಗೆ ಬಿದ್ದ ತಕ್ಷಣ ಯಾಕೆ ಬಿಸಿಯಾಗುತ್ತೆ?”

“ಅದು ಕೆಟ್ಟಿತ್ತಲ್ಲ ಸಾರ್. ಎಂಟು ಡಿಗ್ರಿ ದಾಟಬಾರದು. ಹದಿನೇಳಕ್ಕೇ ಇವರಿಗೆ ಹೇಳ್ದೆ.”

“ಬಾಗಿಲು ಸರಿಯಾಗಿ ಹಾಕಕ್ಕಾ ಅಂತ ನಾನೂ ಹೇಳ್ದೆ ಸಾರ್,” ಎಂದ ಕಂಪೌಂಡರ್. “ಪಾಪ, ಅಕ್ಕನ ಕೈ ಅವರ ಮಾತು ಕೇಳಲ್ಲ.”

“ತಪ್ಪು ಮಾಡದೋರಿಗೆ ಕೈ ಯಾಕೆ ನಡುಗುತ್ತಮ್ಮ?”

“ಹೆದರಿಕೆಗಲ್ಲ ಸಾರ್, ಕಾಯಿಲೆ. ನಮ್ಮಮ್ಮಂಗೂ ಇತ್ತು.”

‘ಮನೆಯಲ್ಲಿ ಮೊದಲಿನಿಂದಲೂ ಇದೆ’ ಎಂದು ಸಾಹೇಬರು ಬರೆದುಕೊಂಡರು.

ಅವಳು ನಾಲ್ಕಾಗಿ ಮಡಚಿದ ಡಾಕ್ಟರ ಚೀಟಿಯನ್ನು ಮುಂದಿಟ್ಟಳು. ಸಾಹೇಬರು ಅದನ್ನು ಬಿಡಿಸಿ, ದೂರ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಓದಿದರು.

“ಎಸೆನ್ಷಿಯಲ್ ಟ್ರೆಮರ್. ಎಸೆನ್ಷಿಯಲ್ ಅಂದ್ರೆ ಅಗತ್ಯ. ಟ್ರೆಮರ್ ಅಂದ್ರೆ ನಡುಕ. ಅಗತ್ಯ ನಡುಕ.” ಅವರು ಚೀಟಿ ಕೆಳಗಿಟ್ಟರು. “ಯಾರಿಗಮ್ಮ ಅಗತ್ಯ? ನಿಮಗಾ, ಇಲಾಖೆಗಾ?”

“ಅದು ಕಾಯಿಲೆ ಹೆಸರು ಸಾರ್.”

“ಹೆಸರು ಏನಾದ್ರೂ ಇರಲಿ. ಅಗತ್ಯ ಅಂತ ಬಂದಮೇಲೆ ಮೇಲಿನವರ ಮಂಜೂರಾತಿ ಬೇಕೋ ಬೇಡ್ವೋ? ಫೈಲಿಡೋಕೆ ಒಂದು ಬೀರು ಅಗತ್ಯ ಅಂತ ನಾನು ಬರೆದು ಎರಡು ವರ್ಷ ಆಯ್ತು, ಇನ್ನೂ ಬಂದಿಲ್ಲ. ನೀವು ಹೇಳದೆ ಕೇಳದೆ ನಡುಗ್ತಾ ಇದ್ದೀರಿ.”

ಕಂಪೌಂಡರ್ ಕೆಮ್ಮಿನ ನೆಪದಲ್ಲಿ ನಕ್ಕ. ಲಸಿಕೆಯಕ್ಕ ಚೀಟಿಯನ್ನು ಮತ್ತೆ ನಾಲ್ಕಾಗಿ ಮಡಚಿದಳು. ಅದಕ್ಕೇ ಸಾಕಷ್ಟು ಹೊತ್ತು ಹಿಡಿಯಿತು.

“ನೋಡಿ, ನಾನು ಅನ್ಯಾಯ ಮಾಡೋನಲ್ಲ,” ಎಂದರು ಸಾಹೇಬರು. “ಈ ಪುಟ ನಾಲ್ಕೈದು ಜನ ಸೇರಿ ಗೀಚಿದ ಹಾಗಿದೆ. ನೀವೇ ಬರೆದದ್ದು ಅಂತಾದ್ರೆ ಇಲ್ಲೇ, ನನ್ನೆದುರಿಗೇ, ಸೊನ್ನೆಯಿಂದ ಒಂಬತ್ತರ ತನಕ ಬರೀರಿ. ಪುಸ್ತಕಕ್ಕೆ ಹೋಲಿದ್ರೆ ನಿಮ್ಮ ಮಾತು ನಂಬ್ತೀನಿ. ಹೋಲದಿದ್ರೆ ಸುಳ್ಳು ಪುಸ್ತಕ ಅಂತ ಬರೆದು ಕಳಿಸ್ತೀನಿ. ಆಮೇಲೆ ನನ್ನ ಬಯ್ಕೋಬೇಡಿ.”

ಮೇಜಿನ ಮೇಲೆ ಬಿಳಿ ಹಾಳೆ ಬಂತು. ಸಾಹೇಬರು ಕನ್ನಡಕ ಏರಿಸಿ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. ಕಂಪೌಂಡರ್ ಅವಳ ಭುಜದ ಪಕ್ಕಕ್ಕೇ ಬಂದು ನಿಂತ. ಯಾರೂ ನೋಡದಿದ್ದರೆ ಅವಳ ಕೈ ಹೇಗೋ ಹೇಳಿದ ಮಾತು ಕೇಳುತ್ತಿತ್ತು. ಎರಡು ಕಣ್ಣು ಬಿದ್ದರೆ ಅಂಕಿ ಸೊಟ್ಟಗಾಗುತ್ತಿತ್ತು, ನಾಲ್ಕು ಬಿದ್ದರೆ ಪೆನ್ನು ತನ್ನ ಪಾಡಿಗೆ ಕುಣಿಯುತ್ತಿತ್ತು. ಸಾಹೇಬರ ಕನ್ನಡಕವನ್ನೂ ಸೇರಿಸಿದರೆ ಈಗ ಆರು ಇದ್ದವು. ಅವಳು ಸೊನ್ನೆ ಬರೆಯಲು ಹೊರಟಳು. ಸೊನ್ನೆ ಬಾಯಿ ಕೂಡಿಕೊಳ್ಳದೆ ಹಾಳೆಯ ಅಂಚಿನವರೆಗೂ ಹರಿದುಹೋಯಿತು.

ಅವಳು ಪೆನ್ನು ಕೆಳಗಿಟ್ಟು ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು.

“ಸಾರ್,” ಎಂದಳು, “ನೀವಿಬ್ರೂ ಒಂದ್ನಿಮಿಷ ಆ ಕಡೆ ತಿರುಗ್ತೀರಾ?”

ಇಬ್ಬರೂ ಹಾಳೆಯ ಮೇಲೆ ಇನ್ನಷ್ಟು ಬಗ್ಗಿದರು.