ಆಯುಧಪೂಜೆ ಮುಗಿದ ಮೇಲೆ

ಆಯುಧಪೂಜೆಯ ರಜೆ ಮುಗಿಸಿ ಬಂದ ಮ್ಯಾನೇಜರ್ ಪಟ್ಟಾಭಿಯವರಿಗೆ ಕೀಬೋರ್ಡ್ ಕೈಕೊಟ್ಟಿತ್ತು. ಎಷ್ಟು ಒತ್ತಿದರೂ @ ಬರಲೇ ಇಲ್ಲ. ಅದಿಲ್ಲದೆ ಪಾಸ್‌ವರ್ಡ್ ಇಲ್ಲ. ಮಧ್ಯಾಹ್ನದೊಳಗೆ ಟೆಂಡರ್ ಕಳಿಸದಿದ್ದರೆ ಕೆಲಸವೂ ಇಲ್ಲ.

ರಿಪೇರಿಯವನು ಬಂದು ಕೀಬೋರ್ಡನ್ನು ಬೋರಲು ಹಾಕಿ ತಟ್ಟಿದ. ಕುಂಕುಮ, ಅಕ್ಷತೆ, ಸೇವಂತಿಗೆಯ ಎಸಳು ಉದುರಿದವು.

"ಇದಕ್ಕೆ ಯಾರ್ ಸಾರ್ ನೀರು ಹಾಕಿದ್ದು?"

"ನೀರಲ್ಲ ಕಣಪ್ಪ, ತೀರ್ಥ. ಪೂಜೆ ಮಾಡಿಸಿದ್ವಿ," ಎಂದರು ಪಟ್ಟಾಭಿ, ಸಣ್ಣ ದನಿಯಲ್ಲಿ.

"ಓದಿದೋರು ನೀವೇ ಹಿಂಗ್ ಮಾಡಿದ್ರೆ ಹೆಂಗೆ ಸಾರ್? ಕರೆಂಟಿನ ಸಾಮಾನು!"

ಪಟ್ಟಾಭಿ ತಲೆ ತಗ್ಗಿಸಿದರು. ಅವನು ಹೊಸ ಕೀಬೋರ್ಡ್ ತೆಗೆದು ಸಿಕ್ಕಿಸಿದ.

"ಬೇಗ ಒತ್ತಿ ನೋಡು ಮಾರಾಯ."

"ಒಂದ್ನಿಮಿಷ ಸಾರ್, ಹೊಸಾದು," ಎಂದು ಅವನು ಚಪ್ಪಲಿ ಬಿಟ್ಟು, ಚೀಲದಿಂದ ಪುಟ್ಟ ಸೀಸೆ ತೆಗೆದು ಕೀಬೋರ್ಡಿನ ಮೇಲೆ ಧಾರಾಳವಾಗಿ ಚಿಮುಕಿಸಿದ. "ಗಾಬರಿ ಬೇಡಿ, ಇದು ಗಂಗಾಜಲ. ಏನೂ ಆಗಲ್ಲ."